ಲಾರಿಯ ಅಡಿಭಾಗದ ತುಕ್ಕು: ತಡೆ ಮತ್ತು ಚಿಕಿತ್ಸೆ

ತುಕ್ಕು ಎಂದೊಡನೆ ಕಾಫಿ ಬೆಳೆಗಾರರಿಗೆ ನೆನಪಾಗುವುದು ಎಲೆಯ ತುಕ್ಕು ರೋಗ. ಎಲೆಯ ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ ಕಾಣುವುದು. ಎಲೆಯನ್ನು ಮಗುಚಿ ನೋಡಿದರೆ ಕಿತ್ತಳೆ ಬಣ್ಣದ ಪುಡಿ. ಆದ್ದರಿಂದಲೇ ಮುಂಗಾರಿಗೆ ಮುಂಚೆ ಶೇಕಡಾ ಅರ್ಧದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಗೆ ತಗಲುವಂತೆ ಸಿಂಪಡಿಸಬೇಕೆಂದು ನಾವೆಲ್ಲ ಆಳುಗಳಿಗೆ ಕೂಗಿ ಕೂಗಿ ಹೇಳುತ್ತೇವೆ. ಇಂದು ನಾವು ಬರೆಯಹೊರಟಿರುವ ತುಕ್ಕು ಬೇರೆಯದು. ಇದು ಶಿಲೀಂಧ್ರವಲ್ಲ, ಬರಿಯ ಕಬ್ಬಿಣದ ತುಕ್ಕು. ಆದರೆ ಇದು ಕೂಡ ಅಡಿಯಲ್ಲಿಯೇ ಹುಟ್ಟುವುದು, ಮೇಲಿನಿಂದ ನೋಡುವವರಿಗೆ ಕಾಣದು, ಮತ್ತು ಮಳೆಗಾಲಕ್ಕೆ ಮೊದಲೇ ಕೈಹಾಕದಿದ್ದರೆ ಆಮೇಲೆ ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ.

ಸದಸ್ಯರಲ್ಲಿ ಅನೇಕರು ಈಗ ಸ್ವಂತ ಲಾರಿ, ಪಿಕಪ್ಪು ಇಟ್ಟುಕೊಂಡಿದ್ದಾರೆ. ಬಯಲುಸೀಮೆಯಿಂದ ಹಳೆಯ ಗಾಡಿ ತರುವುದೂ ಹೆಚ್ಚಿದೆ. ಆದ್ದರಿಂದ ನಮ್ಮ ಸಂಘದ ಲಾರಿಯ ಕಥೆಯನ್ನು, ಅದರಲ್ಲಿ ನಮ್ಮ ತಪ್ಪು ಎಷ್ಟಿತ್ತೆಂಬುದನ್ನೂ ಸೇರಿಸಿ, ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಒಳ್ಳೆಯದೆಂದು ತೋರಿತು.

2014ರಲ್ಲಿ ಸಂಘಕ್ಕೆ ಎರಡನೆಯ ಲಾರಿಯೊಂದು ಬೇಕಾಯಿತು. ಹೊಸತಕ್ಕೆ ಹಣ ಸಾಲದು. ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮೇಲಿನ ಹುಮನಾಬಾದು, ಬಸವಕಲ್ಯಾಣದ ಕಡೆ ಲಾರಿ ವ್ಯಾಪಾರ ಜೋರೆಂದು ಕೇಳಿ ಡ್ರೈವರನ್ನು ಕರೆದುಕೊಂಡು ಹೋದೆವು. ಅಲ್ಲಿ ವಿಚಾರಿಸಿದಾಗ ಗೋರ್ಟಾ (ಬಿ) ಗ್ರಾಮದ ರೈತರೊಬ್ಬರ ಗಾಡಿ ಮಾರಾಟಕ್ಕಿದೆಯೆಂದು ತಿಳಿಯಿತು. ಹೈದರಾಬಾದ್ ಕರ್ನಾಟಕದ ವಿಮೋಚನೆಯ ಚರಿತ್ರೆ ಓದಿದವರಿಗೆ ಈ ಊರಿನ ಹೆಸರು ಹೊಸದಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ತುತ್ತಾಗಿ ಬಹಳ ಜನ ಪ್ರಾಣ ತೆತ್ತ ಊರು. ಗಾಡಿ ಎಂಟು ವರ್ಷದ್ದು; ಕಬ್ಬು, ತೊಗರಿ, ಸೋಯಾ ಸಾಗಿಸಿದ್ದು. ನಾವು ಕ್ಯಾಬಿನ್ನಿನ ಬಣ್ಣ, ಟೈರು, ಎಂಜಿನ್ನಿನ ಹೊಗೆ ನೋಡುತ್ತಿದ್ದರೆ ಆ ಹಿರಿಯರು, "ಮ್ಯಾಲಿಂದೇನ್ ನೋಡ್ತೀರಿ ಸಾಹೇಬ್ರ, ತಳಾ ನೋಡ್ರಿ" ಎಂದು ಗೋಣಿಚೀಲ ಹಾಸಿಕೊಟ್ಟರು. ಮಲಗಿ ನೋಡಿದೆವು. ಚಾಸಿಯ ಮೇಲೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ಮುಕ್ಕಾಲುಪಾಲು ಹಾಗೆಯೇ ಇತ್ತು. ನಮ್ಮ ಸೀಮೆಯ ಮೂರು ವರ್ಷದ ಗಾಡಿಗೂ ಅಂಥ ತಳ ಇರುವುದಿಲ್ಲ.

ಕಾರಣ ಸರಳ. ಬೀದರ ಜಿಲ್ಲೆಯಲ್ಲಿ ವರ್ಷದ ಮಳೆ ಸುಮಾರು 850–900 ಮಿಲಿಮೀಟರು. ನಮ್ಮ ಘಟ್ಟದಂಚಿನಲ್ಲಿ 2,500 ದಾಟುವುದು ಹೊಸತೇನಲ್ಲ. ಅಲ್ಲಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ ಮುನ್ನೂರೈವತ್ತು ಕಿಲೋಮೀಟರಿಗಿಂತ ದೂರ. ಮಳೆ ಬಂದು ನಿಂತರೆ ಎರಡು ದಿನದಲ್ಲಿ ಗಾಡಿ ಒಣಗಿಬಿಡುವುದು.

ವ್ಯಾಪಾರ ಮುಗಿದು ಹೊರಡುವಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದರು. "ನಮ್ಮ ಕರಿಮಣ್ಣ ಚಾಸಿ ಸಂದಿನ್ಯಾಗ ಕುಂತದ. ತೊಳದು ಒಯ್ರಿ. ಈ ಮಣ್ಣ ನೀರ ಕುಡದ್ರ ಬಿಡಂಗಿಲ್ರಿ." ಆಗಲಿ ಎಂದೆವು. ಊರಿಗೆ ಬಂದ ಮೇಲೆ ಹೊರಗಿನಿಂದ ಒಮ್ಮೆ ನೀರು ಹೊಡೆಸಿ, ಹೂ ಹಾಕಿ, ಪೂಜೆ ಮಾಡಿಸಿ ಕೆಲಸಕ್ಕೆ ಹಚ್ಚಿದೆವು. ತಳದ ಸಂದುಗಳ ಮಣ್ಣು ಅಲ್ಲಿಯೇ ಉಳಿಯಿತು.

ಕರಿಮಣ್ಣಿನ ಗುಣ ಬಯಲುಸೀಮೆಯವರಿಗೆ ಗೊತ್ತು. ಒಣಗಿದರೆ ಕಲ್ಲು, ಬಿರುಕು. ನೀರು ಬಿದ್ದರೆ ಉಬ್ಬಿ ಅಂಟಾಗಿ ವಾರಗಟ್ಟಲೆ ತೇವ ಹಿಡಿದುಕೊಳ್ಳುವುದು. ಗೋರ್ಟಾದಲ್ಲಿ ಎಂಟು ವರ್ಷ ಒಣಗಿ ಕೂತು ಯಾವ ತೊಂದರೆಯನ್ನೂ ಕೊಡದ ಆ ಮಣ್ಣು ನಮ್ಮಲ್ಲಿ ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಒದ್ದೆ ಪಟ್ಟಿಯಂತೆ ಉಕ್ಕಿಗೆ ಅಂಟಿಕೊಂಡಿತು. ಅದರ ಮೇಲೆ ನಮ್ಮ ಕೆಂಪುಮಣ್ಣು, ಕಾಫಿ ಸಿಪ್ಪೆ, ಗೊಬ್ಬರದ ಪುಡಿ.

2017ರಲ್ಲಿ ಎಫ್.ಸಿ.ಗೆ ಮುಂಚೆ ನೋಡಿದಾಗ ತಳದಲ್ಲಿ ಅಲ್ಲಲ್ಲಿ ತುಕ್ಕಿನ ಹೊಪ್ಪಳೆ ಎದ್ದಿತ್ತು. ಒಂದು ಗ್ಯಾರೇಜಿಗೆ ಕಳುಹಿಸಿ, ಒಂದೇ ದಿನದಲ್ಲಿ ಮುಗಿಸಿಕೊಡಬೇಕೆಂದು ನಾವೇ ಅವಸರ ಮಾಡಿದೆವು. ಅವರು ಕೆರೆದು ತೆಗೆಯದೆ, ಒಣಗಿಸದೆ, ಡಾಂಬರಿನಂಥ ಕರಿ ಲೇಪವನ್ನು ದಪ್ಪಗೆ ಬಳಿದು ಕಳುಹಿಸಿದರು. ನೋಡಲು ಹೊಸ ಗಾಡಿಯ ಹಾಗಿತ್ತು. ಬಿಲ್ಲಿಗೆ ಸಹಿ ಹಾಕಿದವರು ನಾವೇ.

2019ರ ಡಿಸೆಂಬರಿನಲ್ಲಿ ಒಂಬತ್ತು ಟನ್ ಕಾಫಿ ಹೇರಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಎಡಗಡೆಯ ಸ್ಪ್ರಿಂಗಿನ ಬ್ರಾಕೆಟ್ಟು ಚಾಸಿಯ ಒಂದು ತುಂಡನ್ನೂ ಕಿತ್ತುಕೊಂಡು ಬಂದಿತು. ಆಕ್ಸಲ್ ಓರೆಯಾಗಿ ಲಾರಿ ಗುಡ್ಡದ ಕಡೆಯ ಚರಂಡಿಗೆ ಒರಗಿತು. ಎದುರು ಬದಿಗೆ ಎಳೆದಿದ್ದರೆ ಕೆಳಗೆ ಹೊಳೆ. ಡ್ರೈವರಿಗೆ ತರಚು ಗಾಯ, ಕ್ಲೀನರ್ ಹುಡುಗನ ಮುಂಗೈ ಮುರಿಯಿತು. ಆಸ್ಪತ್ರೆಯಲ್ಲಿ ಡ್ರೈವರ್ ನಮಗೆ ಹೇಳಿದ್ದು ಇಷ್ಟೇ: "ಸೆಕ್ರೆಟರಿಗಳೇ, ಹಿಂದಿನಿಂದ ಕಿರುಗುಟ್ಟುತ್ತಿದೆ ಅಂತ ಟ್ರಿಪ್ ಪುಸ್ತಕದಲ್ಲಿ ಬರೆದಿದ್ದೆನಲ್ಲ." ಬಂದು ತೆಗೆದು ನೋಡಿದೆವು. ಎರಡು ಕಡೆ ಬರೆದಿದ್ದ. ಪುಟದ ಕೆಳಗೆ ನಮ್ಮ ಸಹಿ ಇತ್ತು.

ಗಾಡಿಯನ್ನು ಎಳೆದು ತಂದ ಮೇಲೆ ಆ ಕರಿ ಲೇಪವನ್ನು ಉಳಿಯಿಂದ ಎಬ್ಬಿಸಿದರೆ ಅಂಗೈಯಗಲದ ಚಕ್ಕೆಗಳಾಗಿ ಬಂದಿತು. ಪ್ರತಿ ಚಕ್ಕೆಯ ಒಳಮೈಗೆ ಹಪ್ಪಳದಂತೆ ಪದರಪದರವಾಗಿ ತುಕ್ಕು ಅಂಟಿತ್ತು. ಅದರ ಹಿಂದೆ, ಬ್ರಾಕೆಟ್ಟಿಗೂ ಚಾಸಿಗೂ ನಡುವಣ ಸಂದಿನಲ್ಲಿ, ಇನ್ನೂ ಒದ್ದೆಯಾಗಿದ್ದ ಗೋರ್ಟಾದ ಕರಿಮಣ್ಣು.

ಇನ್ನು ತುಕ್ಕು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ತಿಳಿಯೋಣ. ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು. ಹಾಗಿದ್ದರೆ ಗಾಳಿ ಚೆನ್ನಾಗಿ ಆಡುವ ಜಾಗದಲ್ಲಿ ಹೆಚ್ಚು ತುಕ್ಕು ಹಿಡಿಯಬೇಕಲ್ಲವೇ? ವಾಸ್ತವದಲ್ಲಿ ಆಗುವುದು ಬೇರೆ. ಒಂದೇ ಉಕ್ಕಿನ ಪಟ್ಟಿಯ ಒಂದು ಭಾಗಕ್ಕೆ ಒದ್ದೆ ಮಣ್ಣು ಮೆತ್ತಿ ಇನ್ನೊಂದು ಭಾಗ ತೆರೆದಿದ್ದರೆ, ಆಮ್ಲಜನಕ ಹೆಚ್ಚಿರುವ ತೆರೆದ ಭಾಗಕ್ಕೂ ಕಡಿಮೆ ಇರುವ ಮಣ್ಣಿನಡಿಯ ಭಾಗಕ್ಕೂ ನಡುವೆ ಬ್ಯಾಟರಿಯಲ್ಲಿ ಆಗುವಂಥ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಈ ಬ್ಯಾಟರಿಯಲ್ಲಿ ಸವೆಯುವುದು ಮಣ್ಣಿನಡಿಯ ಉಕ್ಕು. ಎರಡು ಪಟ್ಟಿ ಒತ್ತಿ ಕೂತ ಸಂದಿನಲ್ಲಿಯೂ, ಬಣ್ಣ ಉಬ್ಬಿದ ಜಾಗದ ಅಡಿಯಲ್ಲಿಯೂ ಇದೇ ಆಟ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸಂದಿನೊಳಗೆ ಉಬ್ಬಿ ರಿವೆಟ್ಟುಗಳನ್ನೇ ಎಳೆದು ಸಡಿಲಿಸುವುದು. ಸ್ಪ್ರಿಂಗ್ ಪ್ಲೇಟುಗಳು ಬಾಯಿ ಬಿಟ್ಟುಕೊಂಡಂತೆ ಕಾಣುವುದು ಇದರಿಂದಲೇ.

ಕೊಡಚಾದ್ರಿಯ ಕಬ್ಬಿಣದ ಕಂಬ ಅಷ್ಟು ಮಳೆಯಲ್ಲಿಯೂ ನಿಂತಿದೆಯಲ್ಲ ಎಂದು ಒಬ್ಬ ಸದಸ್ಯರು ನಮ್ಮನ್ನು ಕೇಳಿದರು. ಆ ಕಬ್ಬಿಣವೇ ಬೇರೆ, ಹಳೆಯ ಕುಲುಮೆಯದು. ಅದಲ್ಲದೆ ನೆಟ್ಟಗೆ ನಿಂತ ಕಂಬದ ಮೇಲೆ ನೀರು ನಿಲ್ಲದು, ಮಣ್ಣು ಮೆತ್ತದು, ಯಾರೂ ಅದರ ಮೇಲೆ ಪೊಟ್ಯಾಷ್ ಮೂಟೆ ಹೇರುವುದಿಲ್ಲ.

ಪೊಟ್ಯಾಷಿನ ಮಾತು ಬಂದಿತು. ಅಮೆರಿಕ, ಕೆನಡಾಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವರು. ಅಲ್ಲಿನ ಗಾಡಿಗಳ ತಳ ಕೊಳೆಯುವುದು ಪ್ರಸಿದ್ಧ. 2016ರಲ್ಲಿ ಟೊಯೋಟಾ ಕಂಪನಿಯು ಅಲ್ಲಿ ಸುಮಾರು 15 ಲಕ್ಷ ವಾಹನಗಳ ಚಾಸಿ ತುಕ್ಕಿನ ದಾವೆಯೊಂದನ್ನು ರಾಜಿಯಲ್ಲಿ ಮುಗಿಸಿ, ಕೊಳೆತ ಚಾಸಿಗಳನ್ನು ಬದಲಿಸಿಕೊಡಲು ಒಪ್ಪಬೇಕಾಯಿತು. ನಮ್ಮ ರಸ್ತೆಗೆ ಯಾರೂ ಉಪ್ಪು ಹಾಕುವುದಿಲ್ಲ. ಆದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಅಡುಗೆ ಉಪ್ಪಿನ ಅಣ್ಣತಮ್ಮನೇ. ಅದರಲ್ಲಿಯೂ ಇರುವುದು ಕ್ಲೋರೈಡ್. ಗೊಬ್ಬರಗಳಿಗೆ ಇನ್ನೊಂದು ಗುಣವಿದೆ. 30 ಡಿಗ್ರಿ ಉಷ್ಣದಲ್ಲಿ ಗಾಳಿಯ ತೇವ ಶೇಕಡಾ 73ರ ಹತ್ತಿರ ಬಂದರೆ ಯೂರಿಯಾ, 79 ದಾಟಿದರೆ ಅಮೋನಿಯಂ ಸಲ್ಫೇಟ್, 84 ದಾಟಿದರೆ ಪೊಟ್ಯಾಷ್, ತಾವಾಗಿಯೇ ಗಾಳಿಯ ನೀರು ಹೀರಿ ಕರಗುವವು. ನಮ್ಮ ಜುಲೈ ತಿಂಗಳ ಗಾಳಿ ಈ ಮೂರಕ್ಕೂ ಸಾಕು. ಗೋದಾಮಿನಲ್ಲಿ ಪೊಟ್ಯಾಷ್ ಚೀಲ ಬೆವರುವುದನ್ನು ಯಾರು ನೋಡಿಲ್ಲ? ಡೆಕ್ಕಿನ ಸಂದಿಯಿಂದ ಚಾಸಿಯ ಮೇಲೆ ಉದುರಿದ ಒಂದು ಹಿಡಿ ಪೊಟ್ಯಾಷ್ ಮಳೆ ಇಲ್ಲದ ದಿನವೂ ಉಕ್ಕನ್ನು ಒದ್ದೆಯಾಗಿಡುವುದು. ಅದೂ ಉಪ್ಪುನೀರಿನಲ್ಲಿ.

ಬೀದರದವರು ಉಪ್ಪು ಮತ್ತು ಮಣ್ಣು ಲೋಹದ ಮೇಲೆ ಏನು ಮಾಡಬಲ್ಲವೆಂಬುದನ್ನು ಬಹುಕಾಲದಿಂದ ಬಲ್ಲರು. ಸತು ಹೆಚ್ಚಾಗಿ ತಾಮ್ರ ಸ್ವಲ್ಪ ಬೆರೆತ ಬಿದ್ರಿ ಪಾತ್ರೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದರೆ ಮೈ ಕಪ್ಪಾಗಿ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುವುದು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅವರು ಹದ ತಿಳಿದು ಮಾಡುವರು. ನಾವು ಲಾರಿಯ ತಳದಲ್ಲಿ ತಿಳಿಯದೆ ಮಾಡುತ್ತಿದ್ದೇವೆ.

ಇನ್ನು ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಉಜ್ಜಿದ ಚಾಕು ಅದ್ದಿ ನೋಡುವ ಪರೀಕ್ಷೆ ಅಡಿಕೆ ಕೃಷಿಕರಿಗೆಲ್ಲ ಗೊತ್ತು. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಹತ್ತುವಾಗ ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಮೈಲುತುತ್ತದ ಚೀಲ ಹರಿದು ಒದ್ದೆ ಡೆಕ್ಕಿನ ಮೇಲೆ ಚೆಲ್ಲಿದರೆ ಅದೇ ಪರೀಕ್ಷೆ ನಮ್ಮ ಲಾರಿಯ ಮೇಲೆ ನಡೆಯುವುದು. ಕೂತ ತಾಮ್ರವಂತೂ ಮುಂದೆಯೂ ಸುತ್ತಲಿನ ಉಕ್ಕನ್ನು ಸವೆಸುತ್ತಲೇ ಇರುವುದು. ಹೀಗಾದಾಗ ಒಣಪುಡಿಯನ್ನು ಗುಡಿಸಿ ತೆಗೆದು, ಸುಣ್ಣದ ತಿಳಿ ಹೊಯ್ದು, ಬ್ರಷ್ಷಿನಿಂದ ತಿಕ್ಕಿ, ಧಾರಾಳ ನೀರಿನಿಂದ ತೊಳೆಯತಕ್ಕದ್ದು. ಸುಣ್ಣದ ತಿಳಿ ಅಲ್ಯೂಮಿನಿಯಂ ಭಾಗಗಳಿಗೆ ತಾಗಕೂಡದು.

ಗೊಬ್ಬರ ಹೇರಿದಾಗಲೂ ಕ್ರಮ ಇದೇ: ಕೆಳಗೆ ಹರಕಿಲ್ಲದ ತಾಟು ಹಾಸುವುದು, ಇಳಿಸಿದ ಮೇಲೆ ಮೊದಲು ಒಣಗಿದ್ದಾಗಲೇ ಗುಡಿಸುವುದು, ಆಮೇಲೆ ನೀರು. ಮೊದಲೇ ನೀರು ಹೊಡೆದರೆ ಗೊಬ್ಬರವೆಲ್ಲ ಕರಗಿ ಸಂದುಗಳಿಗೆ ಇಳಿಯುವುದು. ಬಾಡಿಗೆಗೆ ಮೀನಿನ ಪೆಟ್ಟಿಗೆ ಹೇರಿದ್ದರೆ ಅದೇ ದಿನ ತೊಳೆಯಬೇಕು. ಹುಳಿ ಬಂದ ಕಾಫಿ ಹಣ್ಣಿನ ರಸವೂ ಆಮ್ಲವೇ.

ತೊಳೆಯುವುದೆಂದರೆ ಕೆಳಗಿನಿಂದ, ಒಳಗಿನಿಂದ. ಸಂಘಕ್ಕೆ ಪಂಪು ಕೊಳ್ಳುವ ಪ್ರಸ್ತಾಪ ಇಟ್ಟಾಗ, ಮಳೆಗಾಲದಲ್ಲಿ ದೇವರೇ ತೊಳೆಯುತ್ತಾನೆ, ಪಂಪು ಯಾಕೆ ಎಂದು ಸಮಿತಿಯ ಹಿರಿಯರೊಬ್ಬರು ನಕ್ಕಿದ್ದರು. ದೇವರು ಮೇಲಿನಿಂದ ತೊಳೆಯುತ್ತಾನೆ. ಕ್ರಾಸ್ ಮೆಂಬರಿನ ಮೂಲೆ, ಸ್ಪ್ರಿಂಗ್ ಬ್ರಾಕೆಟ್ಟಿನ ಹಿಂಬದಿ, ಡೀಸೆಲ್ ಟ್ಯಾಂಕಿನ ಪಟ್ಟಿಯ ಅಡಿ, ಮಡ್‌ಗಾರ್ಡಿನ ಒಳಮಡಿಕೆ, ಬಾಡಿಯ ಮರದ ತೊಲೆ ಚಾಸಿಯ ಮೇಲೆ ಕೂತ ಸಾಲು, ಇವಕ್ಕೆ ಮಳೆ ಮಣ್ಣನ್ನು ತಂದು ಹಾಕುತ್ತದೆಯೇ ಹೊರತು ತೆಗೆಯುವುದಿಲ್ಲ. ಮೊದಲು ನೀರು ಬಿಟ್ಟು ನೆನೆಯಲು ಸಮಯ ಕೊಟ್ಟು, ಮರದ ಕಡ್ಡಿಯಿಂದ ಕೆದಕಿ, ಆಮೇಲೆ ಒತ್ತಡದ ನೀರು ಹೊಡೆಯಬೇಕು. ಚಕ್ರದ ಬೇರಿಂಗು, ವಿದ್ಯುತ್ ಜೋಡಣೆಗಳಿಗೆ ಹತ್ತಿರದಿಂದ ಹೊಡೆಯಕೂಡದು. ನೀರು ಬಸಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸಬೇಕು.

ತೊಳೆದ ಗಾಡಿಯನ್ನು ಗಾಳಿಯಾಡದ ಶೆಡ್ಡಿನೊಳಗೆ ನಿಲ್ಲಿಸಿ ಬಾಗಿಲು ಹಾಕುವುದು ತಪ್ಪು. ನಾಲ್ಕೂ ಕಡೆ ತೆರೆದ ಮಾಡಿನ ಕೆಳಗೆ, ಗಾಳಿಗೆ ನಿಲ್ಲಿಸಿ. ಹುಲ್ಲಿನ ಮೇಲೆ ನಿಲ್ಲಿಸಬೇಡಿ. ರಾತ್ರಿಯಿಡೀ ನೆಲದ ತೇವ ತಳಕ್ಕೆ ಏರುವುದು.

ಇನ್ನು ಚಿಕಿತ್ಸೆ. ಇದಕ್ಕೆ ಕಾಲ ಏಪ್ರಿಲ್ ತಿಂಗಳು, ಕಾಫಿಗೆ ಬೋರ್ಡೋ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ. ತೊಳೆದು ಎರಡು ಮೂರು ಬಿಸಿಲು ಒಣಗಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಉಕ್ಕು ಠಣ್ ಎನ್ನುವುದು. ಕೊಳೆತದ್ದು ಒಡಕು ಮಡಕೆಯ ಹಾಗೆ ಮಂದವಾಗಿ ಸದ್ದು ಮಾಡುವುದು. ಎದ್ದ ಚಕ್ಕೆಗಳನ್ನೆಲ್ಲ ಉಳಿ, ತಂತಿ ಬ್ರಷ್ಷುಗಳಿಂದ ಕೆರೆದು, ಉಳಿದ ಬಣ್ಣದ ಅಂಚು ಗಟ್ಟಿಯಾಗಿ ಅಂಟಿರುವ ಜಾಗದವರೆಗೂ ಹೋಗಬೇಕು. ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಇಳಿಸಬೇಡಿ. ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಕೆಳಗಂತೂ ಹೋಗಲೇಕೂಡದು.

ಬ್ರಷ್ಷಿಗೆ ಬಾರದ ತುಕ್ಕು ಗುಂಡಿಗಳಲ್ಲಿ ಸ್ವಲ್ಪ ಉಳಿದೇ ಇರುವುದು. ಅದಕ್ಕೆ ತುಕ್ಕು ಪರಿವರ್ತಕ ದ್ರವಗಳು ಸಿಗುತ್ತವೆ. ಕೆಲವು ಫಾಸ್ಫಾರಿಕ್ ಆಮ್ಲದವು, ಕೆಲವು ಟ್ಯಾನಿನ್ನಿನವು. ಟ್ಯಾನಿನ್ ನಮಗೆ ಹೊಸದಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದು, ಚೊಗರು ತಾಗಿದ ಕಬ್ಬಿಣ ಮಸಿಯಂತಾಗುವುದು ಅದರಿಂದಲೇ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀರಿಗೆ ಸುಲಭವಾಗಿ ಕರಗದ ಕಪ್ಪು ಪದರವಾಗುವುದು. ಹಾಗೆಂದು ಮನೆಯ ಚೊಗರನ್ನೇ ಬಳಿಯಲು ಹೋಗಬೇಡಿ, ಅದರ ಹದ ತಿಳಿಯದು, ಅಂಟಿನ ಅಂಶ ಬಣ್ಣ ಹಿಡಿಯಗೊಡದು. ಪರಿವರ್ತಕ ತೆಳು ತುಕ್ಕಿಗೆ ಮಾತ್ರ. ಚಕ್ಕೆಯ ಮೇಲೆ ಬಳಿದರೆ ಚಕ್ಕೆಯೊಡನೆ ಉದುರುವುದು.

ಆ ಬಳಿಕ ಪ್ರೈಮರು. ಹಿಂದೆ ಎಲ್ಲೆಲ್ಲೂ ಸೀಸದ ಸಿಂಧೂರ ಬಳಿಯುತ್ತಿದ್ದರು. ತಡೆಯುವ ಶಕ್ತಿ ಇತ್ತು, ವಿಷವೂ ಹೌದು, ಈಗ ಬೇಡ. ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಚಾಸಿಗೆ ಸಾಲದು. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರು, ಸಾಧ್ಯವಾದರೆ ಸತುವಿನ ಫಾಸ್ಫೇಟ್ ಇರುವಂಥದು, ಎರಡು ಕೈ ಹೊಡೆಯಿರಿ. ಮೊದಲ ಕೈಗೆ ಮುಂಚೆ ಅಂಚು, ರಿವೆಟ್ಟಿನ ತಲೆ, ಬೆಸುಗೆಯ ಗೆರೆಗಳಿಗೆ ಸಣ್ಣ ಬ್ರಷ್ಷಿನಿಂದ ಪ್ರತ್ಯೇಕವಾಗಿ ಬಳಿಯಬೇಕು. ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುವುದರಿಂದ ತುಕ್ಕು ಹೊಗುವುದು ಅಲ್ಲಿಂದಲೇ. ಇಷ್ಟೆಲ್ಲ ಆಗಿ ಪೂರ್ತಿ ಒಣಗಿದ ಮೇಲೆಯೇ ಕರಿ ಲೇಪ. ಲೇಪದ ಮೇಲೆ ನಮಗೆ ಹಗೆಯಿಲ್ಲ, ಕಲ್ಲು ಸಿಡಿದು ಬಣ್ಣ ಹಾರದಂತೆ ಅದು ಕಾಪಾಡುವುದು. ಒದ್ದೆ ತುಕ್ಕಿನ ಮೇಲೆ ಬಳಿದರೆ ಮಾತ್ರ ಅದು ನೀರನ್ನು ಒಳಗೆ ಕೂಡಿಹಾಕಿ, ಕೊಳೆಯುವುದನ್ನು ನಮ್ಮ ಕಣ್ಣಿಗೆ ಮುಚ್ಚುವುದು. ಎರಡು ಪಟ್ಟಿ ಕೂಡುವ ಸಂದು, ಮುಚ್ಚಿದ ಟೊಳ್ಳು ಭಾಗಗಳಿಗೆ ಬಣ್ಣ ತಲುಪದು. ಅಲ್ಲಿಗೆ ಉದ್ದ ನಳಿಕೆಯಿಂದ ಹೊಡೆಯುವ ಮೇಣದ ಲೇಪ ಉತ್ತಮ. ಬಸಿಯುವ ತೂತುಗಳನ್ನು ಯಾವುದರಿಂದಲೂ ಮುಚ್ಚಬಾರದು.

ಸುಟ್ಟ ಆಯಿಲನ್ನು ಸೀಮೆಎಣ್ಣೆಯಲ್ಲಿ ಕಲಸಿ ತಳಕ್ಕೆ ಹೊಡೆಯುವುದು ನಮ್ಮ ಡ್ರೈವರುಗಳ ಹಳೆಯ ಪದ್ಧತಿ. ನಾವೂ ಮಾಡಿಸಿದ್ದೇವೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲದ ಅಂಶ ಸೇರಿರುತ್ತದೆ. ಧೂಳು ಹಿಡಿದು ಕೆಸರಾಗುವುದು, ರಬ್ಬರ್ ಬುಷ್ಷು, ಬ್ರೇಕ್ ಹೋಸುಗಳನ್ನು ಉಬ್ಬಿಸುವುದು, ಸೈಲೆನ್ಸರಿನ ಹತ್ತಿರ ಬೆಂಕಿಯ ಭಯ. ತೊಟ್ಟಿಕ್ಕಿದ್ದೆಲ್ಲ ಮಳೆಯೊಡನೆ ತೋಡಿಗೆ, ತೋಡಿನಿಂದ ತೋಟಕ್ಕೆ. 2016ರ ನಿಯಮಗಳಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಬಿಟ್ಟುಬಿಡಿ. ಯಾವ ಲೇಪವೇ ಆಗಲಿ ಬ್ರೇಕಿನ ಡ್ರಮ್ಮು, ಲೈನಿಂಗು, ರಬ್ಬರ್ ಭಾಗಗಳಿಗೆ ತಾಗಬಾರದು.

ಕಣ್ಣಿಗೆ ಬೀಳದ ಇನ್ನೊಂದು ಜಾಗ ಏರ್ ಬ್ರೇಕಿನ ಟ್ಯಾಂಕು. ಕಂಪ್ರೆಸರು ನಮ್ಮ ಒದ್ದೆ ಗಾಳಿಯನ್ನೇ ಹಿಂಡಿ ಒಳಗೆ ತುಂಬುವುದು. ನೀರು ತಳದಲ್ಲಿ ನಿಂತು ಉಕ್ಕಿನ ಟ್ಯಾಂಕನ್ನು ಒಳಗಿನಿಂದ ತಿನ್ನುವುದು, ಆ ನೀರು ಬ್ರೇಕಿನ ವಾಲ್ವುಗಳಿಗೂ ಹೋಗುವುದು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಅಡಿಯ ಡ್ರೈನ್ ತಿರುಗಿಸಿ ನೀರು ಬಿಡಿಸಿ. ಒಂದು ನಿಮಿಷದ ಕೆಲಸ.

ಉಕ್ಕೇ ಹೋಗಿದ್ದರೆ ಬಣ್ಣದಿಂದ ಆಗುವುದೇನೂ ಇಲ್ಲ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೆ ಹೋಗುವಂತಿದ್ದರೆ, ರಿವೆಟ್ಟಿನ ಸುತ್ತ ಬಿರುಕಿನ ಗೆರೆ ಕಂಡರೆ, ಪಟ್ಟಿಗಳು ಉಬ್ಬಿ ದೂರವಾಗಿದ್ದರೆ, ಗಾಡಿಯನ್ನು ಅಲ್ಲಿಗೆ ನಿಲ್ಲಿಸಿ. ಮೇಲೊಂದು ತಗಡು ಇಟ್ಟು ಬೆಸುಗೆ ಹಾಕುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಚಾಸಿಯ ಉಕ್ಕು ಕಿಟಕಿಯ ಸರಳಲ್ಲ. ಬೆಸುಗೆಯ ಬಿಸಿಗೆ ಅದರ ಬಲ ಕುಗ್ಗಿ, ಮುಂದಿನ ಬಿರುಕು ಬೆಸುಗೆಯ ಅಂಚಿನಲ್ಲಿಯೇ ಹುಟ್ಟುವುದು. ಭಾಗ ಬದಲಾಯಿಸಬೇಕೇ, ಬೋಲ್ಟು ಹಾಕಿ ಬಲಪಡಿಸಬಹುದೇ ಎಂಬುದನ್ನು ಗಾಡಿ ತಯಾರಕರ ಕೈಪಿಡಿ ನೋಡಿ ಬಲ್ಲವರು ಹೇಳಲಿ. ನಮ್ಮ ಲಾರಿಯ ಚಾಸಿ ಉಳಿಯಲಿಲ್ಲ, ಗುಜರಿಗೆ ಹೋಯಿತು.

ಎಫ್.ಸಿ. ಆಗಿದೆಯೆಂದು ನಿಶ್ಚಿಂತೆಯಿಂದ ಇರಬೇಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಗುವ ಪರೀಕ್ಷೆ ಅದು. ನಡುವೆ ಒಂದು ಪೂರ್ತಿ ಮಳೆಗಾಲ ಇರುತ್ತದೆ. ನಮ್ಮದಕ್ಕೂ ಎಫ್.ಸಿ. ಇತ್ತು.

ಬಯಲುಸೀಮೆಯ ಗಾಡಿ ಕೊಳ್ಳುವುದು ಈಗಲೂ ಲಾಭವೇ. ಆದರೆ ತಂದ ವಾರದಲ್ಲಿಯೇ, ಒಂದು ಮಳೆಯೂ ಬೀಳುವ ಮೊದಲು, ಡೆಕ್ಕಿನ ಹಲಗೆ ಬಿಚ್ಚಿಸಿ ಆ ಮಣ್ಣನ್ನು ಪೂರ್ತಿ ತೆಗೆಸಿ, ಮೇಲೆ ಹೇಳಿದಂತೆ ಬಣ್ಣ ಮಾಡಿಸಿಯೇ ದುಡಿಮೆಗೆ ಹಚ್ಚತಕ್ಕದ್ದು. ಈಚೆಗೆ ಹೊಸ ಲೇಪ ಬಳಿದ ತಳ ಕಂಡರೆ ಮಾರುವವರ ಎದುರಿಗೇ ನಾಲ್ಕು ಕಡೆ ಕೆರೆದು ನೋಡಿ. ಬೇಡವೆಂದರೆ ಎದ್ದು ಬನ್ನಿ.

ಸಂಘದ ಗೋದಾಮಿನ ಹಿಂದೆ ಈಗ ಗಾಡಿ ಹತ್ತಿಸುವ ಕಾಂಕ್ರೀಟ್ ಇಳಿಜಾರನ್ನೂ ತೊಳೆಯುವ ಪಂಪನ್ನೂ ಇಟ್ಟಿದ್ದೇವೆ. ಕೊಳೆನೀರಿಗೆ ಪ್ರತ್ಯೇಕ ಗುಂಡಿಯಿದೆ. ಏಪ್ರಿಲ್ ತಿಂಗಳಲ್ಲಿ ಸದಸ್ಯರ ಗಾಡಿಗಳಿಗೆ ಸರದಿಯಂತೆ ಅವಕಾಶವುಂಟು. ಹೆಸರನ್ನು ಮಾರ್ಚಿ ಕೊನೆಯೊಳಗೆ ಕಚೇರಿಯಲ್ಲಿ ಬರೆಸಬೇಕು. ಅಕ್ಟೋಬರಿನಲ್ಲಿ ಇನ್ನೊಮ್ಮೆ ತಪಾಸಣೆ. ತಳ ನೋಡುವವನು ನಮ್ಮ ಅದೇ ಡ್ರೈವರು. ಅವನು ನಿಲ್ಲಿಸಿ ಎಂದ ಗಾಡಿಗೆ ಸಂಘದ ಸರಕು ಹೇರುವುದಿಲ್ಲವೆಂದು ಸಮಿತಿಯಲ್ಲಿ ನಿರ್ಣಯವಾಗಿದೆ. ಟ್ರಿಪ್ ಪುಸ್ತಕವನ್ನು ನಾವು ಈಗ ಓದಿಯೇ ಸಹಿ ಮಾಡುತ್ತೇವೆ.